ಕೂಗುಗೋಡೆಯಲ್ಲಿ ಅತ್ತವಳು

ನೀರು ಇಳಿದಿತ್ತು. ಕೆಸರಿನಲ್ಲಿ ಸಾಲುಸಾಲಾಗಿ ನೆಟ್ಟ ಕಲ್ಲುಗಳಿಗೆ ಅಂಟಿ ಬೆಳೆದ ಸಿಂಪಿಗಳನ್ನು ಊರಿನ ಹೆಂಗಸರು ಬಗ್ಗಿ ನಿಂತು ಕೆತ್ತುತ್ತಿದ್ದರು. ೧೯೬೪ರ ಒಂಬತ್ತನೇ ತಿಂಗಳು, ಉತ್ತರದ ಗಾಳಿ ಆಗಷ್ಟೇ ಶುರುವಾಗಿತ್ತು. ಎದುರು ದಂಡೆಯ ಧ್ವನಿವರ್ಧಕಗಳು ಎಂದಿನಂತೆ ಗಂಟಲು ಸರಿಮಾಡಿಕೊಂಡು ಒಂದು ಹಾಡು ಹಾಕಿದವು, ಎಂದಿನಂತೆ 'ಪ್ರೀತಿಯ ಬಂಧುಗಳೇ' ಎಂದವು. ಆ ದಂಡೆ ಕಮ್ಯುನಿಸ್ಟರ ಚೀನಾ, ಈ ಕಿನ್ಮೆನ್ ದ್ವೀಪ ತೈವಾನ್ ಸರ್ಕಾರದ ಕೈಯಲ್ಲಿತ್ತು; ಇಲ್ಲಿ ಅದನ್ನು ಕೇಳುವುದು ಅಪರಾಧ, ಕೇಳದೆ ಇರುವುದು ಅಸಾಧ್ಯ. ಹಾಗಾಗಿ ಹೆಂಗಸರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಲೇ ಕಿವುಡರ ಹಾಗೆ ಇರುವುದನ್ನು ರೂಢಿ ಮಾಡಿಕೊಂಡಿದ್ದರು.

ಅವತ್ತು ಆಚೆಯ ಉದ್ಘೋಷಕಿ ಹುಡುಗಿಯ ದನಿ ನಿಂತು ಗಂಡಸಿನ ದನಿ ಬಂತು. ಅದು ಸರ್ಕಾರದ ಭಾಷೆಯಲ್ಲ, ಮನೆಮಾತು.

"ಲುವಾನ್, ನಾನು ಕಿಮ್‌ತಿಯಾನ್. ನಿಮ್ಮಣ್ಣ. ಅವ್ವ ಹತ್ರ ಇದ್ದಾಳಾ? ಅವ್ವಂಗೆ ಇವತ್ತಿಗೆ ಅರವತ್ತು ತುಂಬ್ತು. ಆಮೆಯಚ್ಚಿನ ಕೆಂಪು ಕಡುಬು ಮಾಡಿಸಿದೀನಿ, ಆಯುಸ್ಸಿನ ಶಾವಿಗೆ ಬೇಯ್ಸಿದೀನಿ. ಅವ್ವಾ, ನಿನ್ ಕಡೆ ಮುಖ ಮಾಡಿ ಇಟ್ಟಿದೀನಿ. ನೀನು ನೂರು ವರ್ಷ ಬಾಳ್ಬೇಕು."

ಕೆತ್ತುವ ಸದ್ದು ಒಮ್ಮೆಗೇ ನಿಂತಿತು. ಲುವಾನ್‌ಳ ಚಾಕು ಕಲ್ಲಿನಿಂದ ಜಾರಿ ಹೆಬ್ಬೆರಳನ್ನು ಸೀಳಿತು. ಪಕ್ಕದ ಸಾಲಿನಲ್ಲಿದ್ದ ನೆರೆಮನೆಯ ಸಿಯೂ ಅತ್ತೆ ತಲೆ ಎತ್ತದೆ ಹಲ್ಲು ಕಚ್ಚಿಕೊಂಡೇ ಮಾತಾಡಿದಳು.

"ಕೆತ್ತೇ, ಕೆತ್ತು. ನಿಲ್ಲಿಸ್ಬೇಡ. ಮೇಲೆ ಕಾವಲಿನವನು ನೋಡ್ತಿದಾನೆ."

ಎಲ್ಲರ ಚಾಕುಗಳೂ ಮತ್ತೆ ಟಕಟಕ ಎನ್ನತೊಡಗಿದವು. ಲುವಾನ್ ರಕ್ತ ಸುರಿಯುವ ಬೆರಳನ್ನು ಉಪ್ಪುನೀರಿಗೆ ಅದ್ದಿ ಅದ್ದಿ ಕೆಲಸ ಮಾಡಿದಳು. ಅವ್ವ ಸತ್ತು ಮೂರು ವರ್ಷವಾಗಿತ್ತು.

ಅವಳ ಜನರಲ್ಲಿ ಬದುಕಿದ್ದವರಿಗೆ ಇಡುವುದೇ ಬೇರೆ, ಹೋದವರಿಗೆ ಇಡುವುದೇ ಬೇರೆ. ಹೋದವಳ ಮುಂದೆ ಕೆಂಪು ಕಡುಬಿಟ್ಟು ನೂರು ವರ್ಷ ಬಾಳು ಎಂದರೆ ಅವಳನ್ನು ಬಾಗಿಲಾಚೆ ನಿಲ್ಲಿಸಿ ಊಟಕ್ಕೆ ಕರೆದ ಹಾಗೆ. ಸೆಣಬಿನ ಸೂತಕದ ಬಟ್ಟೆ ತೊಟ್ಟು, ಊದುಬತ್ತಿ ಹಚ್ಚಿ, ಮೊದಲ ಬಟ್ಟಲು ಇಡಬೇಕಾದವನು ಮಗ. ಮಗನಿಗೆ ಸುದ್ದಿಯೇ ಗೊತ್ತಿಲ್ಲದಿದ್ದರೆ ತಾಯಿ ಇತ್ತಲೂ ಅಲ್ಲ ಅತ್ತಲೂ ಅಲ್ಲ. ಮೂರು ವರ್ಷದಿಂದ ಲುವಾನ್‌ಳ ಎದೆಯಲ್ಲಿ ಕೊರೆಯುತ್ತಿದ್ದುದು ಇದೊಂದೇ: ಅಣ್ಣನಿಗೆ ತಿಳಿಸಬೇಕು. ತಿಳಿಸುವ ದಾರಿ ಮಾತ್ರ ಇರಲಿಲ್ಲ.

ಕಿಮ್‌ತಿಯಾನ್ ಆಚೆ ಉಳಿದದ್ದು ಯಾವ ಸಿದ್ಧಾಂತಕ್ಕೂ ಅಲ್ಲ. ನಲವತ್ತೊಂಬತ್ತರಲ್ಲಿ ಸೋದರತ್ತೆಯ ಮಗಳ ಮದುವೆಗೆಂದು ಒಣಸಿಂಪಿಯ ಚೀಲ ಹೊತ್ತು ದೋಣಿ ಹತ್ತಿದ್ದ. ಊಟ ಚೆನ್ನಾಗಿದೆಯೆಂದು ಎರಡು ದಿನ ಹೆಚ್ಚಿಗೆ ಉಳಿದ. ಅಷ್ಟರಲ್ಲಿ ಆ ದಂಡೆಗೆ ಕಮ್ಯುನಿಸ್ಟರ ಸೈನ್ಯ ಬಂತು, ಸೋತು ಈ ಕಡೆಗೆ ಬಂದ ಸೈನ್ಯ ಇಲ್ಲಿಯ ದೋಣಿಗಳನ್ನೆಲ್ಲ ಎಳೆದು ಸುಟ್ಟಿತು. ಅಲ್ಲಿಯವರೆಗೆ ಆ ನೀರು ಎರಡು ಕೇರಿಗಳ ನಡುವಿನ ಓಣಿ ಇದ್ದ ಹಾಗಿತ್ತು. ಸೊಸೆಯಂದಿರು ಅಲ್ಲಿಂದ ಬರುತ್ತಿದ್ದರು, ಹೆಣ್ಣುಮಕ್ಕಳನ್ನು ಅಲ್ಲಿಗೆ ಕೊಡುತ್ತಿದ್ದರು, ಊರದೇವಿಯನ್ನು ನೆಲೆಗೊಳಿಸಿದ ಊದುಬತ್ತಿಯ ಬೂದಿ ಕೂಡ ಆ ಕಡೆಯ ಗುಡಿಯಿಂದ ತಂದದ್ದು. ನೀವು ಯಾರು ಎಂದು ಯಾರಾದರೂ ಕೇಳಿದ್ದರೆ ಊರ ಹೆಸರು ಹೇಳುತ್ತಿದ್ದರೇ ಹೊರತು ಚೀನಾದವರು ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಆ ಮಾತನ್ನು ಅವರಿಗೆ ಕಲಿಸಿದ್ದು ಮೈಕು. ಆ ಕಡೆಯ ಮೈಕು ಹೇಳುತ್ತಿತ್ತು: ನೀವು ನಮ್ಮ ರಕ್ತ, ನಿಜವಾದ ಚೀನಾ ಇಲ್ಲಿದೆ, ದಾರಿ ತಪ್ಪಿದ್ದೀರಿ, ಬನ್ನಿ. ಈ ಕಡೆಯವರೂ ಸುಮ್ಮನಿರಲಿಲ್ಲ. ಊರಾಚೆಯ ಬಂಡೆಯ ಮೇಲೆ ಮೂರಾಳೆತ್ತರದ ಕಾಂಕ್ರೀಟು ಗೋಡೆ ಕಟ್ಟಿ, ಅದರ ತುಂಬ ಗೂಡು ಕೊರೆದು, ಗೂಡಿಗೊಂದು ಧ್ವನಿವರ್ಧಕ ಕೂರಿಸಿದರು. ಊರಿನವರು ಅದಕ್ಕೆ ಕೂಗುಗೋಡೆ ಎಂದು ಹೆಸರಿಟ್ಟರು. ಅದು ಆಚೆಗೆ ಕೂಗುತ್ತಿತ್ತು: ನೀವು ನಮ್ಮ ರಕ್ತ, ನಿಜವಾದ ಚೀನಾ ಇಲ್ಲಿದೆ, ದಾರಿ ತಪ್ಪಿದ್ದೀರಿ, ಬನ್ನಿ.

"ಇಬ್ರೂ ಬಾ ಬಾ ಅಂತಾರೆ," ಎಂದು ಸಿಯೂ ಅತ್ತೆ ಸಿಂಪಿ ಬಿಡಿಸುತ್ತ ಗೊಣಗುತ್ತಿದ್ದಳು. "ದೋಣಿ ಮಾತ್ರ ಒಬ್ರೂ ಕೊಡಲ್ಲ."

ಬೆಸ ತಾರೀಖಿನ ದಿನಗಳಲ್ಲಿ ಆಚೆಯಿಂದ ಷೆಲ್ಲು ಬೀಳುತ್ತಿತ್ತು, ಒಡೆದರೆ ಕರಪತ್ರ ಉದುರುತ್ತಿತ್ತು. ಸರಿ ದಿನಗಳಲ್ಲಿ ಜನ ಬಟ್ಟೆ ಒಣಹಾಕುತ್ತಿದ್ದರು. ಲುವಾನ್‌ಳ ಮನೆಯ ಗೋಡೆಯ ಮೇಲೆ ಸೈನಿಕರು ಅವಳಿಗಿಂತ ಎತ್ತರದ ಅಕ್ಷರಗಳನ್ನು ಬರೆದು ಹೋಗಿದ್ದರು. ಸಾಕ್ಷರತಾ ತರಗತಿಗೆ ಹೋದ ಮೇಲೆ ಅವಳು ಜೀವನದಲ್ಲಿ ಮೊದಲು ಓದಿದ ವಾಕ್ಯವೇ ಅದು. ಶತ್ರುವನ್ನು ಮುಗಿಸಿ ನೆಲವನ್ನು ಮರಳಿ ಪಡೆಯಬೇಕು ಎಂದಿತ್ತು. ಶತ್ರು ಎಂದರೆ ಲೆಕ್ಕಕ್ಕೆ ಅಣ್ಣನೂ ಸೇರುತ್ತಾನಲ್ಲ ಎಂದು ಅವಳು ಗಂಡನನ್ನು ಕೇಳಿದಳು. ಓದು ಕಲ್ತಿದ್ದು ಸಾಕು, ಸುಮ್ನಿರು ಎಂದು ಅವನು ಹೇಳಿದ.

ಅವ್ವ ಸತ್ತಾಗ ಲುವಾನ್ ಅಳಲೂ ಆಗಿರಲಿಲ್ಲ. ಆ ಕಡಲತಡಿಯ ಜನರಲ್ಲಿ ಒಂದು ಪದ್ಧತಿಯಿದೆ, ಎರಡೂ ದಂಡೆಯಲ್ಲಿ ಒಂದೇ. ಗಂಡನ ಮನೆಯಿಂದ ತಾಯಿಯ ಸಾವಿಗೆ ಬರುವ ಮಗಳು ಬೀದಿಯ ತಿರುವಿನಲ್ಲೇ ಮಂಡಿಯೂರಿ, ಹಾಡಿಕೊಂಡು ಅಳುತ್ತ, ತೆವಳಿಕೊಂಡು ಬಾಗಿಲಿಗೆ ಬರಬೇಕು. ಅದರ ಧಾಟಿಯೇ ಬೇರೆ. ಕೇಳಿದವರಿಗೆ, ಹೆಣ ಕಾಣಿಸದಿದ್ದರೂ, ಯಾವುದೋ ಮಗಳ ತಾಯಿ ಹೋದಳು ಎಂದು ಗೊತ್ತಾಗುತ್ತದೆ. ಅವತ್ತು ಷೆಲ್ಲು ಬೀಳುತ್ತಿತ್ತು, ಊರಿಂದೂರಿಗೆ ಹೋಗುವ ಪಾಸು ಸಿಗಲಿಲ್ಲ. ಪಾಸು ಸಿಕ್ಕಿ ಅವಳು ತವರಿಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಆಮೇಲೆ ತಿರುವಿನಲ್ಲಿ ನಿಂತು ಅತ್ತರೆ ಕೇಳುವವರು ಯಾರು ಎಂದು ಬಾಯಿ ಮುಚ್ಚಿಕೊಂಡು ನಡೆದೇ ಹೋದಳು.

ಸಿಂಪಿ ಬುಟ್ಟಿ ಹೊತ್ತು ಅವಳು ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲು ಬಂದಿತ್ತು. ಗಂಡ ಚುನ್‌ಸೆಂಗ್ ಹೊಸ್ತಿಲಲ್ಲಿ ಕೂತಿದ್ದ.

"ನೀನೇನೂ ಕೇಳಿಸ್ಕೊಂಡಿಲ್ಲ," ಎಂದ.

"ಇಡೀ ಊರು ಕೇಳಿಸ್ಕೊಂಡಿದೆ."

"ಊರು ಕೇಳಿದ್ರೆ ಗಾಳಿ ತಪ್ಪು. ನೀನು ಕೇಳಿದ್ರೆ ನಿನ್ ತಪ್ಪು. ನಿನ್ ಹೆಸರು ಹಿಡಿದು ಕರೆದಿದಾನೆ, ಪುಣ್ಯಾತ್ಮ. ಐದು ಮನೆ ಒಬ್ರಿಗೊಬ್ರು ಜಾಮೀನು ಬರ್ಕೊಟ್ಟಿದೀವಿ, ನೆನಪಿದೆ ತಾನೆ? ನಿನ್ ಬಾಯಿಂದ ಒಂದ್ ಮಾತು ಹೊರಗೆ ಬಿದ್ರೆ ಐದು ಮನೆ ಗಂಡಸ್ರೂ ಒಳಗೆ."

"ಅವ್ನು ಅವ್ವಂಗೆ ಶಾವಿಗೆ ಇಟ್ಟಿದಾನೆ ಕಣ್ರೀ. ಸತ್ತೋಳಿಗೆ."

ಚುನ್‌ಸೆಂಗ್ ಕೆಟ್ಟವನಲ್ಲ. ಅವನಿಗೂ ಅದು ಚುಚ್ಚಿತು. ಆದರೆ ಅವನಿಗೆ ತಿಳಿದ ಉಪಾಯವೆಂದರೆ ಒಂದೇ, ತಲೆ ತಗ್ಗಿಸಿ ಕೂರುವುದು. ಅವನು ಎದ್ದು ಹಿತ್ತಲಿಗೆ ಹೋದ.

ಮರುದಿನವೇ ಜೀಪು ಬಂತು. ಕೂಗುಗೋಡೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕ್ಯಾಪ್ಟನ್ ಮಾ ಅವಳಿಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಅದಕ್ಕೇ ಅವಳು ಹೆಚ್ಚು ಹೆದರಿದಳು. ಬೈದು ಹೊಡೆಯುವವರಾದರೆ ಬೇಗ ಬಿಟ್ಟು ಕಳಿಸುತ್ತಾರೆ. ಮಾ ಚೀನಾದ ಉತ್ತರದ ಶಾನ್‌ದೊಂಗ್ ಕಡೆಯವನು, ದ್ವೀಪದ ಮಾತು ಅವನಿಗೆ ಒಂದಕ್ಷರ ಬಾರದು. ನಡುವೆ ಮಾತು ದಾಟಿಸಲು ಗೋಡೆಯ ಉದ್ಘೋಷಕಿ ಪಿಕ್‌ಹಾ ನಿಂತಿದ್ದಳು. ಸಂತೆಬೀದಿಯಲ್ಲಿ ಶಾವಿಗೆ ಮಾರುವವನ ಮಗಳು, ಇಪ್ಪತ್ತು ದಾಟಿರಲಿಲ್ಲ.

"ನಿಮ್ಮ ತಾಯಿ ತೀರಿಕೊಂಡಿರುವುದು ನಮಗೆ ತಿಳಿದಿದೆ," ಎಂದ ಮಾ. "ಆದರೆ ಅವರಿಗೆ ತಿಳಿದಿಲ್ಲ. ಇದು ನಮ್ಮ ಅದೃಷ್ಟ. ಸತ್ತರು ಎಂದು ನಾವು ಹೇಳಿದರೆ, ಹಸಿವಿನಿಂದ ಸತ್ತರು ಎಂದು ನಾಳೆಯೇ ಅವರು ಜಗತ್ತಿಗೆಲ್ಲ ಕೂಗುತ್ತಾರೆ. ನಮಗೆ ಬದುಕಿರುವ ತಾಯಿ ಬೇಕು. ನೀವು ಅಣ್ಣನಿಗೆ ಉತ್ತರ ಕೊಡುತ್ತೀರಿ."

ಲುವಾನ್ ಪಿಕ್‌ಹಾಳ ಕಡೆ ತಿರುಗಿದಳು. "ಸತ್ತೋಳು ಬದುಕಿದಾಳೆ ಅಂತ ಹೆತ್ತ ಮಗಳ ಬಾಯಲ್ಲೇ ಹೇಳಿಸ್ತಾರಾ? ಕೇಳಮ್ಮ ಅವ್ರನ್ನ. ಅವ್ರ ತಾಯಿಗೆ ಹೀಗ್ ಮಾಡ್ತಾರಾ?"

ಪಿಕ್‌ಹಾ ಮಾ ಕಡೆ ತಿರುಗಿದಳು. "ಇವರಿಗೆ ಸ್ವಲ್ಪ ಭಯವಾಗಿದೆ, ಸರ್," ಎಂದು ಸರ್ಕಾರದ ಭಾಷೆಯಲ್ಲಿ ದಾಟಿಸಿದಳು.

"ಭಯ ಬೇಡ," ಎಂದ ಮಾ. "ಕಾಗದದಲ್ಲಿರುವುದನ್ನು ಓದಿದರೆ ಅದು ದೇಶಸೇವೆ. ಅದರಾಚೆ ಒಂದು ಮಾತು ಹೋದರೆ ಅದು ಶತ್ರುವಿನ ಜೊತೆ ಸಂಪರ್ಕ. ಅದಕ್ಕೆ ಏನು ಶಿಕ್ಷೆ ಎಂದು ನಾನು ಹೇಳಬೇಕಾಗಿಲ್ಲ." ಆಮೇಲೆ, ಯಾರೂ ಕೇಳದಿದ್ದರೂ, "ನನ್ನ ತಾಯಿಯೂ ಆ ಕಡೆಯೇ ಇದ್ದಾಳೆ. ಇದ್ದರೆ," ಎಂದ.

ಗಾಳಿ ಉತ್ತರದ್ದಾದ್ದರಿಂದ ಗೋಡೆಯ ದನಿ ಆಚೆ ದಾಟುತ್ತಿರಲಿಲ್ಲ. ಗಾಳಿ ತಿರುಗುವವರೆಗೆ ತಾಲೀಮು ನಡೆಯಿತು. ಕೂಗುಗೋಡೆಯ ಮಾತಿಗೆ ಅದರದೇ ನಡಿಗೆಯಿದೆ. ನೀರಿನ ಮೇಲೆ ದನಿ ಹೋಗುವಷ್ಟರಲ್ಲಿ ಒಂದು ಮಾತಿನ ಬಾಲ ಇನ್ನೊಂದರ ತಲೆಗೆ ಸುತ್ತಿಕೊಳ್ಳುತ್ತದೆ, ಅದಕ್ಕೆ ಒಂದೊಂದು ಪದವನ್ನೂ ಎಳೆದು, ಬಿಟ್ಟು, ಉಸಿರು ತೆಗೆದುಕೊಂಡು ಮುಂದಿನದನ್ನು ಹೇಳಬೇಕು. ಲುವಾನ್ ಸಿಂಪಿ ಬಿಡಿಸುವ ಹೆಂಗಸು, ಪಟಪಟ ಮಾತಾಡಿ ಬೆಳೆದವಳು.

"ಎಳೀರಿ ಅಕ್ಕ, ಇನ್ನೂ ಎಳೀರಿ," ಎನ್ನುತ್ತಿದ್ದಳು ಪಿಕ್‌ಹಾ. "ಮಗು ಮಲಗಿಸ್ವಾಗ ಹಾಡ್ತೀರಲ್ಲ, ಹಾಗೆ."

"ಸುಳ್ಳನ್ನ ಎಷ್ಟು ಎಳೆದ್ರೂ ಸುಳ್ಳೇ ಅಲ್ವೇನೇ?"

ಪಿಕ್‌ಹಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ದಿನಾ ಹೇಳ್ತೀನಕ್ಕ. ಮೊದಮೊದ್ಲು ನಾಲಿಗೆ ಸಿಕ್ಕಿಕೊಳ್ತಿತ್ತು. ಈಗ ಹೇಳ್ದೆ ಇದ್ರೇನೇ ಏನೋ ಬಿಟ್ಟುಹೋದ ಹಾಗಿರತ್ತೆ." ಆಮೇಲೆ ಮೇಜಿನ ಮೇಲೆ ಮೈಕು ಆರಿಸುವ ಕಪ್ಪು ಗುಂಡಿ ತೋರಿಸಿದಳು. "ನೀವು ಓದ್ತಿರೋವಷ್ಟು ಹೊತ್ತು ನನ್ ಬೆರಳು ಇದರ ಮೇಲಿರತ್ತೆ. ಕಾಗದ ಬಿಟ್ಟು ಹೋದ್ರೆ ನಾನು ಒತ್ಲೇಬೇಕು. ಒತ್ತದಿದ್ರೆ ನನ್ನನ್ನೂ ಎಳ್ಕೊಂಡು ಹೋಗ್ತಾರೆ. ದಮ್ಮಯ್ಯ, ಏನೂ ಮಾಡ್ಬೇಡಿ."

ಲುವಾನ್ ತೀರ್ಮಾನ ಮಾಡಿಕೊಂಡಿದ್ದಳು. ಐದು ಮನೆ, ಈ ಹುಡುಗಿ, ತನ್ನ ಗಂಡ, ಅಂಗಳದಲ್ಲಿ ಆಡುವ ತನ್ನ ಮಗಳು. ಕಾಗದದಲ್ಲಿದ್ದುದನ್ನು ಓದಿ ಬರುವುದು, ಅವ್ವನ ಋಣ ತನ್ನ ತಲೆಯ ಮೇಲಿರಲಿ ಎಂದುಕೊಂಡಳು. ಆ ತೀರ್ಮಾನದಲ್ಲಿ ಮೋಸವಿರಲಿಲ್ಲ.

ತಿಂಗಳ ಕೊನೆಗೆ ಉತ್ತರದ ಗಾಳಿ ನಿಂತಿತು, ಮಧ್ಯಾಹ್ನದ ಹೊತ್ತಿಗೆ ತೆಂಕಣದಿಂದ ಮೆಲ್ಲಗೆ ಬೀಸತೊಡಗಿತು. ಸರಿ ತಾರೀಖಿನ ದಿನ, ಷೆಲ್ಲಿನ ಭಯವಿಲ್ಲ. ಪಿಕ್‌ಹಾ ಒಂದು ಹಾಡು ಹಾಕಿ, ಎದುರು ದಂಡೆಯ ತಾನ್ ಕಿಮ್‌ತಿಯಾನ್ ಎಂಬವರು ಕಿವಿಗೊಡಬೇಕೆಂದು ಮೂರು ಸಲ ಕರೆದು, ಮೈಕನ್ನು ಲುವಾನ್‌ಳ ಮುಂದಕ್ಕೆ ಸರಿಸಿದಳು. ಮೇಜಿನ ಮೇಲೆ ಕೆಂಪು ದೀಪ ಹತ್ತಿತು. ಕ್ಯಾಪ್ಟನ್ ಮಾ ಗೋಡೆಗೆ ಒರಗಿ ನಿಂತ.

"ಅಣ್ಣಾ. ನಾನು. ಲುವಾನ್."

ಹೊರಗೆ ಅವಳದೇ ದನಿ ಬಂಡೆಯಷ್ಟು ದೊಡ್ಡದಾಗಿ ನೀರಿನ ಮೇಲೆ ಹೋಯಿತು. ತನ್ನ ದನಿ ಕೇಳಿ ಅವಳಿಗೇ ಹೆದರಿಕೆಯಾಯಿತು.

"ನಾವಿಲ್ಲಿ. ಬಿಳಿ ಅನ್ನ. ಉಣ್ತಿದೀವಿ. ನಿಜವಾದ. ಚೀನಾ. ಇಲ್ಲಿದೆ."

ಅದೂ ಸರಾಗವಾಗಿ ಹೋಯಿತು. ಬಿಳಿ ಅನ್ನ ಹಬ್ಬಕ್ಕೊಮ್ಮೆ, ಉಳಿದ ದಿನ ಗೆಣಸಿನ ಗಂಜಿ. ಆದರೂ ಅಂಥ ಸುಳ್ಳು ಯಾರ ಹೊಟ್ಟೆಯನ್ನೂ ಸುಡುವುದಿಲ್ಲ. ಮುಂದಿನ ಸಾಲು: 'ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಾಳೆ.' ಪಿಕ್‌ಹಾ ಹೇಳಿಕೊಟ್ಟ ಹಾಗೆ ಲುವಾನ್ ಉಸಿರು ತೆಗೆದುಕೊಂಡಳು.

"ಅವ್ವ."

ಒಂದು ಪದ ಹೇಳಿ ಬಿಟ್ಟು ನಿಲ್ಲಬೇಕಲ್ಲ, ನಿಂತಳು. ಆ ಬಿಡುವೇ ಅವಳನ್ನು ಕೆಡಿಸಿತು. ಪದ ಗೋಡೆಯಿಂದ ಹೊರಟು, ನೀರು ದಾಟಿ, ಆಚೆಯ ಗುಡ್ಡಕ್ಕೆ ಬಡಿದು ಮರಳಿ ಬಂತು. ಎಷ್ಟೋ ವರ್ಷದಿಂದ ಅಷ್ಟು ಜೋರಾಗಿ ಅವಳು ಆ ಹೆಸರು ಕರೆದಿರಲಿಲ್ಲ. ಓಗೊಡುವವರು ಯಾರೂ ಇರಲಿಲ್ಲ. ತನಗರಿವಿಲ್ಲದೆ ಅವಳು ಕುರ್ಚಿಯಿಂದ ಜಾರಿ ನೆಲಕ್ಕೆ ಮಂಡಿಯೂರಿ, ಮೇಜಿನ ಅಂಚು ಹಿಡಿದುಕೊಂಡು, ಮೂರು ವರ್ಷ ಗಂಟಲಲ್ಲಿ ಕೂತಿದ್ದುದನ್ನು ಹೊರಗೆ ಬಿಟ್ಟಳು.

"ಅವ್ವಾ... ತಿರುವಿಗೆ ಬಂದೆ ಕಣವ್ವಾ... ಬಾಗ್ಲಲ್ಲಿ ಯಾಕವ್ವಾ ನಿಂತಿಲ್ಲಾ... ಗಂಜಿ ಹೊತ್ಕೊಂಡು ಬಂದೆ, ಯಾರಿಗೆ ಕೊಡ್ಲವ್ವಾ..."

ಮಾ ಒರಗಿದವನು ನೆಟ್ಟಗಾದ. ಪಿಕ್‌ಹಾಳ ಬೆರಳು ಗುಂಡಿಯ ಮೇಲೆ ಇತ್ತು. ಈ ಅಳು ಏನೆಂದು ಶಾವಿಗೆ ಮಾರುವವನ ಮಗಳಿಗೆ ಗೊತ್ತಿಲ್ಲವೇ? ಅವಳೂ ಆ ಓಣಿಗಳಲ್ಲೇ ಬೆಳೆದವಳು. ಬೆರಳು ಒತ್ತಲಿಲ್ಲ.

"ಏನು ಹೇಳುತ್ತಿದ್ದಾಳೆ?" ಮಾ ಕೇಳಿದ.

"ಅವ್ವ, ಅವ್ವ ಎನ್ನುತ್ತಿದ್ದಾರೆ, ಸರ್. ಅಣ್ಣನನ್ನು ನೆನೆದು ದುಃಖ ಉಕ್ಕಿ ಬಂದಿದೆ."

ಮಾ ಸ್ವಲ್ಪ ಹೊತ್ತು ಕೇಳುತ್ತ ನಿಂತ. "ಅಳಲಿ, ಬಿಡು," ಎಂದ. "ಇಂಥದ್ದನ್ನು ಕಾಗದದ ಮೇಲೆ ಬರೆಯಲು ನನಗೆ ಬರುವುದಿಲ್ಲ." ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಕಣ್ಣು ಒರೆಸಿಕೊಂಡನೋ ಬೆವರು ಒರೆಸಿಕೊಂಡನೋ, ಪಿಕ್‌ಹಾಗೆ ತಿಳಿಯಲಿಲ್ಲ.

ಅಳು ಮುಗಿದ ಮೇಲೆ ಪಿಕ್‌ಹಾ ಹಾಡು ಹಾಕಿದಳು. ಲುವಾನ್‌ಳನ್ನು ಎಬ್ಬಿಸಿ ಬಾಗಿಲವರೆಗೆ ನಡೆಸಿ, ಕಿವಿಯ ಹತ್ತಿರ ಬಗ್ಗಿದಳು.

"ನಿಮ್ಮಣ್ಣಂಗೆ ಅರ್ಥ ಆಗಿರತ್ತೆ. ಆಗಿ, ಅವರು ಅದನ್ನ ಅಲ್ಲಿ ಮೈಕಲ್ಲಿ ಹೇಳಿದ್ರೆ? ತಾಯಿ ಸತ್ತಿದಾಳೆ, ತಂಗಿನೇ ಹೇಳಿದ್ಳು ಅಂತ? ನಾವಿಬ್ರೂ ಮುಗಿದ ಹಾಗೆ, ಅಕ್ಕ."

ಲುವಾನ್‌ಗೆ ಆಗ ಹೊಳೆಯಿತು ತಾನು ಏನು ಮಾಡಿದ್ದೇನೆಂದು. ಅಣ್ಣನಿಗೆ ಅರ್ಥವಾಗಬೇಕು, ಇಲ್ಲದಿದ್ದರೆ ಅವ್ವನಿಗೆ ಗತಿಯಿಲ್ಲ. ಅರ್ಥವಾದ ಮಾತು ಅವನ ಬಾಯಿಂದ ಹೊರಬೀಳಬಾರದು, ಬಿದ್ದರೆ ಇಲ್ಲಿ ಜಾಮೀನಿನ ಐದು, ಪಿಕ್‌ಹಾಳದೊಂದು, ಆರು ಮನೆ ಹಾಳು. ಅಷ್ಟು ವರ್ಷ ನೋಡದ ಅಣ್ಣನ ನಾಲಿಗೆಯ ಮೇಲೆ ಅಷ್ಟು ಜನರ ಜೀವ ಇಟ್ಟು ಅವಳು ಮನೆಗೆ ನಡೆದಳು.

ದಾರಿಯಲ್ಲಿ ಊರು ಬಾಗಿಲಿಗೆ ಬಂದು ನಿಂತಿತ್ತು. ಎಲ್ಲರಿಗೂ ಗೊತ್ತಾಗಿತ್ತು, ಎಲ್ಲರೂ ಗೊತ್ತಾಗದವರ ಮುಖ ಹೊತ್ತಿದ್ದರು. ಚುನ್‌ಸೆಂಗ್ ಅವಳನ್ನು ಒಳಗೆಳೆದು ಕದ ಹಾಕಿದ.

"ಏನ್ ಮಾಡ್ಬಿಟ್ಟೆ?"

"ಅಳು ಬಂತು."

"ಅಳು ಬಂತಂತೆ. ಮೂರು ವರ್ಷ ಬರ್ದೇ ಇದ್ದಿದ್ದು ಇವತ್ತೇ ಬರ್ಬೇಕಾ? ಅದೂ ಅಷ್ಟು ಮೈಕಲ್ಲಿ?" ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ಬಹಳ ಮೆಲ್ಲಗೆ, "ಚೆನ್ನಾಗ್ ಅತ್ತೆ. ನಂಗ್ ನಮ್ಮವ್ವ ನೆನಪಾದ್ಳು," ಎಂದ.

ಜಾಮೀನಿನ ಐದು ಮನೆಗಳಿಂದ ಯಾರೂ ಹೋಗಿ ಹೇಳಲಿಲ್ಲ. ಆ ಊರಿನಲ್ಲಿ ಅದು ಸಣ್ಣ ಮಾತಲ್ಲ. ಒಂದು ಸಾಬೂನಿನ ಬಿಲ್ಲೆಯ ಆಸೆಗೆ ಪಕ್ಕದವರನ್ನು ಹಿಡಿದುಕೊಟ್ಟವರು ಅಲ್ಲಿದ್ದರು. ಸಿಯೂ ಅತ್ತೆ ಮಾತ್ರ ಒಂದು ಬಟ್ಟಲು ಸಿಂಪಿ ಗಂಜಿ ತಂದಿಟ್ಟು, ಇವತ್ತು ನೀನು ಒಲೆ ಹಚ್ಚಬಾರದು ಎಂದು ಹೇಳಿ ಹೋದಳು. ಸಾವಿನ ಮನೆಗೆ ಹಾಗೆ ತಂದಿಡುವುದು ವಾಡಿಕೆ.

ಗಾಳಿ ಮತ್ತೆ ಉತ್ತರಕ್ಕೆ ತಿರುಗಿತು. ನೀರಿಳಿದಾಗಲೆಲ್ಲ ಲುವಾನ್ ಸಿಂಪಿಗಲ್ಲಿನ ಮುಂದೆ ಬಗ್ಗಿ ಕೂತು, ಮೈಯೆಲ್ಲ ಕಿವಿಯಾಗಿಸಿಕೊಂಡು ಕಾದಳು. ಆಚೆಯ ಹುಡುಗಿ ಭತ್ತದ ಬೆಳೆಯ ಬಗ್ಗೆ ಹೇಳಿದಳು, ಉಕ್ಕಿನ ಬಗ್ಗೆ ಹೇಳಿದಳು, ದಾರಿ ತಪ್ಪಿದ ಬಂಧುಗಳನ್ನು ಕರೆದಳು. ಪ್ರತಿಸಲ ಅವಳು ಉಸಿರು ತೆಗೆದುಕೊಂಡಾಗ ಲುವಾನ್‌ಳ ಚಾಕು ಕಲ್ಲಿನ ಮೇಲೆ ತಡೆಯುತ್ತಿತ್ತು. ಮೇಲೆ ಕೋಣೆಯಲ್ಲಿ ಪಿಕ್‌ಹಾ ಕೂಡ ಹೀಗೇ ಕಾಯುತ್ತಿದ್ದಾಳೆ ಎಂಬುದು ನೆನಪಾಗಿ ಇನ್ನಷ್ಟು ಸಂಕಟವಾಗುತ್ತಿತ್ತು.

ಕೊನೆಗೊಂದು ದಿನ ಬೆಳಿಗ್ಗೆ ಆ ದನಿ ಬಂತು.

"ಲುವಾನ್, ನಿನ್ ಮಾತು ಕೇಳಿದೆ. ಅವ್ವ ಚೆನ್ನಾಗಿದಾಳೆ ಅಂತ ತಿಳೀತು. ಸಂತೋಷ ಆಯ್ತು. ಅವ್ವಾ, ಚಳಿ ಬರ್ತಿದೆ, ಬೆಚ್ಚಗಿರು. ನಮ್ಮ ತಾಯ್ನಾಡು ನಿನ್ನ ದಾರಿ ಕಾಯ್ತಿದೆ."

ಅಷ್ಟೇ. ದನಿಯಲ್ಲಿ ಏರಿಲ್ಲ, ಇಳಿವಿಲ್ಲ, ಬಾಯಿಪಾಠ ಒಪ್ಪಿಸುವ ಶಾಲೆಯ ಮಗುವಿನ ಹಾಗೆ. ಹೆಂಗಸರ ಚಾಕುಗಳು ಈ ಸಲ ನಿಲ್ಲಲಿಲ್ಲ. ಸಿಯೂ ಅತ್ತೆ ನಿಟ್ಟುಸಿರು ಬಿಟ್ಟಳು.

"ತಿಳೀಲಿಲ್ಲ ಕಣೇ ಅವ್ನಿಗೆ," ಎಂದಳು.

ಚುನ್‌ಸೆಂಗ್ ಬದುಕಿದೆವೆಂದು ಜೋಳದ ಸಾರಾಯಿ ತಂದು ಕುಡಿದ. ಕ್ಯಾಪ್ಟನ್ ಮಾ ಮೆಚ್ಚಿ ಒಂದು ಮೂಟೆ ಗೋಧಿಹಿಟ್ಟು ಕಳಿಸಿದ. ಲುವಾನ್ ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ಗಂಡನೂ ಮಗಳೂ ಉಳಿದಿದ್ದಾರೆ ಎಂದು ಸಂತೋಷಪಡಬೇಕಾದ ಹೊತ್ತಿನಲ್ಲಿ ಅವಳಿಗೆ ಅಣ್ಣ ಸತ್ತಷ್ಟು ದುಃಖವಾಯಿತು. ಯಾರು ನಿಜವಾದ ಚೀನೀಯರು ಎಂದು ಎರಡು ಮೈಕುಗಳು ಎಷ್ಟು ಕಿತ್ತಾಡಿದರೂ ಅವಳು ತಲೆ ಕೆಡಿಸಿಕೊಂಡವಳಲ್ಲ. ಅವಳ ಮಟ್ಟಿಗೆ ಅಣ್ಣ ಎಂದರೆ ತಿರುವಿನ ಅಳು ಕೇಳಿದರೆ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ನಿಲ್ಲುವ ಜನದವನು. ಹದಿನೈದು ವರ್ಷ ಅವರ ಮೈಕು ಕೇಳಿ ಕೇಳಿ ಅವನಿಗೆ ಅದೂ ಮರೆತುಹೋಯಿತೆಂದರೆ, ಅಲ್ಲಿ ಮಾತಾಡುತ್ತಿರುವವನು ಕಿಮ್‌ತಿಯಾನ್ ಅಲ್ಲ, ಆ ಮೈಕೇ. ಅವತ್ತಿನಿಂದ ಅವಳು ಅಣ್ಣನ ಹೆಸರೆತ್ತಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಆಚೆಯ ದಂಡೆಯಲ್ಲಿ ಮನೆಯವರ ದನಿ ಹಾಕುವುದನ್ನು ನಿಲ್ಲಿಸಿ ಬರೀ ಘೋಷಣೆ ಹಾಕತೊಡಗಿದರು. ಪಿಕ್‌ಹಾ ಮದುವೆಯಾಗಿ ತೈವಾನಿಗೆ ಹೋದಳು. ಷೆಲ್ಲು ನಿಂತಿತು. ಕೂಗುಗೋಡೆಗೆ ತುಕ್ಕು ಹಿಡಿಯಿತು. ಮನೆಗೆ ರೇಡಿಯೊ ಬಂತು, ಟೀವಿ ಬಂತು. ಅವೂ ನೀವು ಯಾರು ಎಂದು ಹೇಳಿಕೊಡುವ ಕೆಲಸವನ್ನು ಮುಂದುವರಿಸಿದವು, ಗಂಟಲು ಮಾತ್ರ ನಯವಾಗಿತ್ತು. ಚುನ್‌ಸೆಂಗ್ ತೀರಿಕೊಂಡ. ಸುತ್ತಿ ಬಳಸಿ ಆಚೆಗೆ ಹೋಗಿಬಂದ ಊರಿನವನೊಬ್ಬ, ನಿಮ್ಮಣ್ಣ ಇದ್ದಾನೆ, ಎದುರಿನ ಪಟ್ಟಣ ಶಿಯಾಮೆನ್‌ನಲ್ಲಿ ಮೊಮ್ಮಕ್ಕಳ ಜೊತೆ ಇದ್ದಾನೆ ಎಂದ. ಅವ್ವನ ವಿಷಯ ತಿಳಿದಿದೆಯೇ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಇಲ್ಲ ಎಂಬ ಉತ್ತರವನ್ನು ಬೇರೆಯವರ ಬಾಯಲ್ಲಿ ಕೇಳುವುದು ಬೇಡವಾಗಿತ್ತು.

೨೦೦೧ರಲ್ಲಿ ದೋಣಿ ಬಿಟ್ಟರು. ಮಗಳು ಹಠ ಹಿಡಿದು, ಸೋದರಮಾವನಿಗೆ ಸುದ್ದಿ ಮುಟ್ಟಿಸಿ, ಟಿಕೆಟ್ಟು ಮಾಡಿಸಿದಳು. ನಲವತ್ತು ವರ್ಷ ಮೈಕು, ಇಪ್ಪತ್ತು ವರ್ಷ ಫಿರಂಗಿ ಕಾದುಕೊಂಡಿದ್ದ ನೀರನ್ನು ದೋಣಿ ಒಂದು ಊಟದ ಹೊತ್ತಿನೊಳಗೆ ದಾಟಿತು. ಆಚೆಯ ಕಟ್ಟೆಯಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಅವಳ ಕಾರ್ಡು ನೋಡಿ ನಕ್ಕಳು.

"ಬನ್ನಿ ಅಜ್ಜಿ. ತೈವಾನಿನ ಬಂಧುಗಳು ಈ ಸಾಲಿಗೆ."

"ತೈವಾನ್ ಎಲ್ಲಮ್ಮ? ನಾನಲ್ಲಿಗೆ ಹೋಗಿದ್ದು ಒಂದೇ ಸಲ, ಹಲ್ಲು ಕೀಳಿಸ್ಕೊಳಕ್ಕೆ. ಅಲ್ಲಿ ಆ ಡಾಕ್ಟ್ರು, ನೀವು ಚೀನಾ ಕಡೆ ಜನ ಅಲ್ವಾ ಅಂದ. ಇಲ್ಲಿ ನೀನು ಹೀಗಂತೀಯ."

"ಹಾಗಾದ್ರೆ ನೀವು ಯಾವ ಕಡೆಯವ್ರು ಅಜ್ಜಿ?"

"ಸಿಂಪಿ ಕಡೆಯವ್ಳು. ಸೀಲು ಹಾಕು."

ಬಾಗಿಲಾಚೆ ಜನರ ಗುಂಪಿನ ಅಂಚಿನಲ್ಲಿ ಟೋಪಿ ಹಾಕಿದ ಒಣಕಲು ಮುದುಕನೊಬ್ಬ ಒಬ್ಬನೇ ನಿಂತಿದ್ದ. ಮುಖದಲ್ಲಿ ಅವಳಿಗೆ ಅವನ ಗುರುತು ಸಿಗಲಿಲ್ಲ. ನಿಂತ ರೀತಿಯಲ್ಲಿ ಅಪ್ಪನನ್ನು ಕಂಡಳು. ಅವನು ಹತ್ತಿರ ಬಂದ. ಬಂದವನು ಚೆನ್ನಾಗಿದೀಯಾ ಎನ್ನಲಿಲ್ಲ, ಊಟ ಆಯ್ತಾ ಎನ್ನಲಿಲ್ಲ.

"ಅವ್ವ ಹೋಗಿದ್ದು ಯಾವತ್ತು?" ಎಂದು ಕೇಳಿದ.

ಲುವಾನ್‌ಳ ಕೈಯ ಚೀಲ ಕೆಳಗೆ ಬಿತ್ತು.

"ನಿಂಗೆ ತಿಳಿದಿತ್ತಾ ಅಣ್ಣ?"

"ಕಿವುಡನೇನೇ ನಾನು? ತಿರುವಿಗೆ ಬಂದೆ ಅಂತ ಊರಿಗೆಲ್ಲ ಕೇಳೋ ಹಾಗೆ ಅತ್ತೆ." ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. "ಪಕ್ಕದಲ್ಲಿ ಮೇಲಿನ ಅಧಿಕಾರಿ ನಿಂತಿದ್ದ, ಉತ್ತರದ ಕಡೆಯೋನು, ನಮ್ ಮಾತು ಬರಲ್ಲ. ಏನಂತೆ ಅಂದ. ಅವ್ವ ಚೆನ್ನಾಗಿದಾಳಂತೆ ಅಂದೆ. ಸತ್ಳು ಅಂದಿದ್ರೆ ಸಂಜೆಗೆ ಅದನ್ನೇ ಮೈಕಲ್ಲಿ ಹಾಕೋರು, ಅಲ್ಲಿ ನಿನ್ ಕತ್ತು ಹೋಗೋದು. ಅದಕ್ಕೇ ಅಂಗಿ ಒಳಗೆ ಸೆಣಬಿನ ತುಂಡು ಸಿಕ್ಕಿಸ್ಕೊಂಡು, ಅವರು ಬರ್ಕೊಟ್ಟಿದ್ದು ಓದಿದೆ. ಅವ್ವಾ ಬೆಚ್ಚಗಿರು ಅಂತ ಓದಿದೆ ಲುವಾನ್. ಸೂತಕದಲ್ಲಿ ನಿಂತ್ಕೊಂಡು."

"ನಾನು ನೀನು ಮರೆತೆ ಅಂದ್ಕೊಂಡೆ. ಇಷ್ಟು ವರ್ಷ ನಿನ್ನ ಬೈಕೊಂಡೆ."

"ಬೈಕೊಂಡಿದ್ದು ಒಳ್ಳೇದಾಯ್ತು. ನೀನು ನಂಬಿದ್ರೇನೇ ಅವರೂ ನಂಬೋದು." ಅವನು ಅವಳ ಮುಖವನ್ನೇ ನೋಡುತ್ತಿದ್ದ. "ದಿನ ಮಾತ್ರ ತಿಳೀಲಿಲ್ಲ. ಅದಕ್ಕೆ ನೀನು ಅತ್ತ ದಿನಾನೇ ಇಟ್ಕೊಂಡೆ. ಒಂಬತ್ತನೇ ತಿಂಗಳು, ಇಪ್ಪತ್ತಾರು. ಊದುಬತ್ತಿ ಹಚ್ಚಿದ್ರೆ ಹಿಡ್ಕೊಂಡು ಹೋಗೋ ಕಾಲದಲ್ಲೂ ಒಂದು ಬಟ್ಲು ನಂಗೆ ಅಂತ ಬಡಿಸ್ಕೊಂಡು, ಆರೋವರ್ಗೂ ಮುಟ್ಟದೆ ಕೂತಿರ್ತಿದ್ದೆ. ಹೇಳು, ಯಾವತ್ತು?"

"ಎರಡನೇ ತಿಂಗಳು. ಹತ್ತೊಂಬತ್ತು."

ಅವನು ಅದನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡ. ಆಮೇಲೆ ಅವನ ಮುಖ ಸುಕ್ಕುಗಟ್ಟಿತು. "ಇಷ್ಟು ವರ್ಷ ತಪ್ಪು ದಿನ ಇಟ್ಟೆ. ಅವ್ವ ಹಸ್ಕೊಂಡು ಹೋದ್ಳು," ಎಂದು ಹೇಳಿ, ದೋಣಿಕಟ್ಟೆಯ ಮೆಟ್ಟಿಲಿನ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅಳತೊಡಗಿದ. ಜನ ನಿಂತು ನೋಡಿದರು.

ಲುವಾನ್ ಅವನ ಪಕ್ಕ ಕೂತಳು. ಅವನ ಕೈಯಿಂದ ಟೋಪಿ ಬಿಡಿಸಿ ತನ್ನ ಮಡಿಲಲ್ಲಿಟ್ಟುಕೊಂಡಳು.

"ಎರಡನೇ ತಿಂಗಳದ್ದು ಅಲ್ಲಿ ನಾನು ಇಡ್ತಿದ್ದೆ, ಅವ್ವ ಹಸ್ಕೊಂಡಿಲ್ಲ. ಇನ್ಮೇಲೆ ಅದನ್ನ ನೀನು ಮಾಡು, ಮಗ ನೀನು. ಆದ್ರೆ ಒಂಬತ್ತನೇ ತಿಂಗಳದ್ದು ಬಿಡ್ಬೇಡಣ್ಣ," ಎಂದಳು. "ನಂಗೆ ಅವ್ವ ಸತ್ತಿದ್ದೂ ಅವತ್ತೇ."